ಹುರುಳಿ ಹರಡಿದ ರಸ್ತೆ, ದಾನದ ಸೈಕಲ್ಲು

2009ರ ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ ಸ್ಕಾಟ್ಲೆಂಡಿನ ಪರ್ತ್‌ಶೈರ್ ಗುಡ್ಡಗಾಡಿನಲ್ಲಿ ಯಾರೋ ಪುಣ್ಯಾತ್ಮರು ರಸ್ತೆ ತುಂಬಾ ಕಾರ್ಪೆಟ್ ಮೊಳೆ ಚೆಲ್ಲಿದ್ದರು. ಕಾರ್ಪೆಟ್ ಮೊಳೆ ಅಂದರೆ ಜಮಖಾನೆಯನ್ನು ಮರದ ನೆಲಕ್ಕೆ ಕಚ್ಚಿಸೋ ಪುಟ್ಟ ಮೊಳೆ. ತಲೆ ಅಗಲ, ಮೈ ಗಿಡ್ಡ, ಕೆಳಗೆ ಬಿದ್ದರೆ ಮೂತಿ ಮೇಲಕ್ಕೆ ಮಾಡಿಕೊಂಡು ಕೂತಿರುತ್ತೆ. ಆ ರಸ್ತೆಯಲ್ಲಿ ಅವತ್ತು ಮೂರು ಸಾವಿರಕ್ಕೂ ಹೆಚ್ಚು ಸೈಕಲ್ಲುಗಳು ಬರುವುದಿತ್ತು. ಎಟಾಪ್ ಕ್ಯಾಲೆಡೋನಿಯಾ ಅಂತ ಅದರ ಹೆಸರು. ಪಿಟ್ಲೋಕ್ರಿ ಅನ್ನೋ ಪುಟ್ಟ ಪೇಟೆಯಲ್ಲಿ ಶುರುವಾಗಿ, ಟಮಲ್ ಮತ್ತು ರ‍್ಯಾನಕ್ ಸರೋವರಗಳನ್ನು ಬಳಸಿಕೊಂಡು, ವಾಪಸ್ ಪಿಟ್ಲೋಕ್ರಿಗೇ ಬರುವ 81 ಮೈಲಿಯ ಸವಾರಿ. ಅಂದರೆ ಸುಮಾರು 130 ಕಿಲೋಮೀಟರ್. ಅಷ್ಟೂ ದೂರ ರಸ್ತೆ ಬಂದ್. ಸವಾರರಲ್ಲಿ ತುಂಬಾ ಜನ ಕ್ಯಾನ್ಸರ್ ರೋಗಿಗಳ ನೆರವಿಗೆ ದುಡ್ಡು ಎತ್ತಲು ಬಂದವರು. ನೂರಾರು ಟೈರು ಪಂಕ್ಚರ್ ಆದವು, ಸವಾರಿಯನ್ನು ನಡುವೆ ನಿಲ್ಲಿಸಬೇಕಾಯಿತು, ಪೊಲೀಸರು ಬಂದರು, ಪೇಪರುಗಳು ಛೀಮಾರಿ ಹಾಕಿದವು. ಮೊಳೆ ಚೆಲ್ಲಿದ್ದು ಯಾರು ಅನ್ನೋದು ಮಾತ್ರ ಕೋರ್ಟಿನಲ್ಲಿ ಕೊನೆಗೂ ಸಾಬೀತಾಗಲಿಲ್ಲ.

ನಾನು ಈ ಸುದ್ದಿ ಓದಿದ್ದು ಅದು ನಡೆದು ಎಂಟು ವರ್ಷ ಆದ ಮೇಲೆ, 2017ರಲ್ಲಿ, ಇಂಗ್ಲೆಂಡಿನ ಸರ್ರೆ ಕೌಂಟಿಯ ಡಾರ್ಕಿಂಗ್ ಊರಿನ ಬಾಡಿಗೆ ಮನೆಯಲ್ಲಿ ಕೂತು. ಆನ್‌ಸೈಟ್ ಅಂತ ಹೋಗಿದ್ದೆ. ಓದಿದ ತಕ್ಷಣ ನನಗೆ ಅನ್ನಿಸಿದ್ದು, ಎಂಥ ಕೆಟ್ಟ ಜನಾನಪ್ಪ ಇವರು! ಕ್ಯಾನ್ಸರ್ ರೋಗಿಗಳಿಗೋಸ್ಕರ ಸೈಕಲ್ ತುಳೀತಿದಾರೆ, ಅವರ ದಾರಿಗೆ ಮೊಳೆನಾ? ವರ್ಷಕ್ಕೆ ಒಂದು ಭಾನುವಾರ ರಸ್ತೆ ಬಿಟ್ಟುಕೊಟ್ಟರೆ ಗಂಟೇನು ಹೋಗುತ್ತೆ?

ಈ ಲೇಖನ ಬರೀತಿರೋದು ಆ ಕೊನೆಯ ಪ್ರಶ್ನೆಗೆ ಉತ್ತರವಾಗಿ. ಮೊಳೆ ಚೆಲ್ಲಿದವರ ಪರ ವಕಾಲತ್ತು ಹಾಕೋಕೆ ಖಂಡಿತ ಅಲ್ಲ. ಇಳಿಜಾರಿನಲ್ಲಿ 50 ಕಿಲೋಮೀಟರ್ ಸ್ಪೀಡಲ್ಲಿ ಬರುವ ಸೈಕಲ್ಲಿನ ಮುಂದಿನ ಚಕ್ರ ಪಂಕ್ಚರ್ ಆದರೆ ಸವಾರನ ಕುತ್ತಿಗೆ ಮುರಿಯಬಹುದು. ಅದು ಪ್ರತಿಭಟನೆ ಅಲ್ಲ, ಅಪರಾಧ. ಆದರೆ ಮೊಳೆಯನ್ನು ಬೈದು ಮುಗಿಸಿದ ಮೇಲೂ ಉಳಿಯುವ ವಿಷಯ ಒಂದಿದೆ. ಇಂಥ ಸವಾರಿಗಳನ್ನು ಆಯೋಜಿಸುವವರು, ಅದರಲ್ಲಿ ಭಾಗವಹಿಸುವ ನಮ್ಮಂಥವರು, ಅದರ ಬಗ್ಗೆ ಮಾತೇ ಆಡಲ್ಲ.

ಡಾರ್ಕಿಂಗ್‌ಗೆ ವಾಪಸ್ ಬರೋಣ. 2012ರ ಲಂಡನ್ ಒಲಿಂಪಿಕ್ಸ್‌ನ ಸೈಕಲ್ ರೇಸು ಆ ಊರಿನ ಪಕ್ಕದ ಬಾಕ್ಸ್ ಹಿಲ್ ಗುಡ್ಡವನ್ನು ಹತ್ತಿಳಿದಿತ್ತು. ಗಂಡಸರ ರೇಸಂತೂ ಒಂಬತ್ತು ಸುತ್ತು. ಮರುವರ್ಷ, 2013ರಿಂದ, ಆ ನೆನಪಿಗೆ ಅಂತ ರೈಡ್‌ಲಂಡನ್ ಶುರುವಾಯಿತು. ಪೂರ್ವ ಲಂಡನ್ನಿನ ಒಲಿಂಪಿಕ್ ಪಾರ್ಕಿನಿಂದ ಹೊರಟು, ಸರ್ರೆಯ ಹಳ್ಳಿ, ಗುಡ್ಡ ಎಲ್ಲ ಸುತ್ತಿ, ಲಂಡನ್ನಿನ ಅರಮನೆ ಎದುರಿನ ದಿ ಮಾಲ್ ರಸ್ತೆಯಲ್ಲಿ ಮುಗಿಯುವ 100 ಮೈಲಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಕೆಲವು ವರ್ಷಗಳಲ್ಲಿ ಒಂದು ಕೋಟಿ ಪೌಂಡಿಗೂ ಹೆಚ್ಚು ದಾನ ಸಂಗ್ರಹ ಆಗಿದೆ. ರೂಪಾಯಿಗೆ ಕನ್ವರ್ಟ್ ಮಾಡಿಕೊಳ್ಳಿ (ಆನ್‌ಸೈಟ್ ಹೋದವರಿಗೆ ಈ ಚಟ ಜನ್ಮಕ್ಕೂ ಬಿಡಲ್ಲ), ತಲೆ ತಿರುಗುತ್ತೆ.

ಆ ವರ್ಷ ಜುಲೈ ಕೊನೆಯ ಭಾನುವಾರ ನಾನು ಬೆಳಗ್ಗೆ ಬೇಗ ಎದ್ದು ಹೈಸ್ಟ್ರೀಟಿನಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ನಮ್ಮೂರ ದನದ ಕೊರಳಿಗೆ ಕಟ್ಟುವಂಥದ್ದೇ ಗಂಟೆಯನ್ನು ಅಲ್ಲಿನ ಮಕ್ಕಳು ಆಡಿಸುತ್ತಾ ಸವಾರರನ್ನು ಹುರಿದುಂಬಿಸುತ್ತಿದ್ದವು. ನಿಜಕ್ಕೂ ಹಬ್ಬ. ಸತ್ತುಹೋದ ಅಪ್ಪ ಅಮ್ಮಂದಿರ ಫೋಟೋವನ್ನು ಬೆನ್ನಿಗೆ ಅಂಟಿಸಿಕೊಂಡು ತುಳಿಯುವವರನ್ನು ನೋಡಿ ಕಣ್ಣು ಒದ್ದೆಯಾಗಿದ್ದೂ ನಿಜ. ಆದರೆ ನಮ್ಮ ಪಕ್ಕದ ಮನೆಯ ವಯಸ್ಸಾದ ದಂಪತಿ ಅವತ್ತು ಊರಲ್ಲೇ ಇರಲಿಲ್ಲ. ಪ್ರತಿ ವರ್ಷ ಈ ಭಾನುವಾರಕ್ಕೆ ಮುಂಚಿನ ದಿನ ಕಾರು ಹತ್ತಿ ಮಗಳ ಮನೆಗೆ ಹೋಗಿಬಿಡುತ್ತಿದ್ದರಂತೆ. 'ಇಲ್ಲೇ ಇದ್ದರೆ ಸಾಯಂಕಾಲದ ತನಕ ಗೇಟು ದಾಟೋ ಹಾಗಿಲ್ಲ' ಅಂದರು. ನಾನು ಆಫೀಸಲ್ಲಿ ಇದನ್ನು ಜೋಕು ಮಾಡಿ ಹೇಳಿದ್ದೆ. ನೋಡಿ, ಶ್ರೀಮಂತರ ಕಷ್ಟ ಅಂದರೆ ಇದು ಅಂತ.

ಅಲ್ಲಿನವರ ದೂರುಗಳು ಆಗ ನನಗೆ ಸಣ್ಣತನದ ಥರ ಕಾಣ್ತಿದ್ದವು. ಚರ್ಚಿಗೆ ಹೋಗೋಕಾಗಲ್ಲ, ಭಾನುವಾರದ ವ್ಯಾಪಾರ ಹೋಯ್ತು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳೋ ನರ್ಸು ಬರೋದು ಹೇಗೆ ಅನ್ನೋ ಆತಂಕ. ಅದೊಂದು ದಿನದ ಮಾತಲ್ಲ, ಆ ದಿನಕ್ಕೆ ಪ್ರಾಕ್ಟೀಸ್ ಮಾಡೋರು ವರ್ಷಪೂರ್ತಿ ಗುಂಪುಗುಂಪಾಗಿ ನಮ್ಮ ಕಿರಿದಾದ ದಾರೀಲಿ ಬರ್ತಾರೆ ಅಂತ ಕೂಡ ಅವರ ಗೊಣಗಾಟ ಇತ್ತು. ಆಯೋಜಕರು ಸುಮ್ಮನೆ ಕೂತಿರಲಿಲ್ಲ ಅನ್ನೋದನ್ನೂ ಹೇಳಬೇಕು. ಮನೆಮನೆಗೆ ಪತ್ರ ಕಳಿಸುತ್ತಿದ್ದರು, ರಸ್ತೆ ದಾಟಲು ಜಾಗಗಳನ್ನು ಗುರುತಿಸುತ್ತಿದ್ದರು. ಉಳಿತಾಯದ ಹಣದಲ್ಲಿ ಒಂದಿಷ್ಟು ಸರ್ರೆಯ ಆಟದ ಮೈದಾನಗಳಿಗೂ ಹೋಗುತ್ತಿತ್ತು. ಕಾನೂನೂ ಒಂದು ಬೇಲಿ ಹಾಕಿತ್ತು: ಇಂಗ್ಲೆಂಡಿನ 1984ರ ರಸ್ತೆ ಸಂಚಾರ ನಿಯಂತ್ರಣ ಕಾಯ್ದೆಯ ಪ್ರಕಾರ ಒಂದೇ ರಸ್ತೆಯನ್ನು ಇಂಥ ಕಾರ್ಯಕ್ರಮಕ್ಕೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮುಚ್ಚಬೇಕಂದರೆ ಮಂತ್ರಿಯ ಒಪ್ಪಿಗೆ ಬೇಕು. ಇಷ್ಟೆಲ್ಲಾ ಇದ್ದೂ 2020ರಲ್ಲಿ ಸರ್ರೆ ಕೌಂಟಿ ಕೌನ್ಸಿಲ್ 'ಇನ್ನು ಸಾಕು' ಅಂದಿತು. 2022ರಲ್ಲಿ ಸವಾರಿ ಎಸೆಕ್ಸ್ ಕಡೆಗೆ ಗುಳೆ ಹೋಯಿತು. 2025ರಲ್ಲಿ ನಡೆಯಲೇ ಇಲ್ಲ.

ತಮಾಷೆ ನೋಡಿ. ಮೊಳೆ ತಿಂದ ಎಟಾಪ್ ಕ್ಯಾಲೆಡೋನಿಯಾ ಮಾತ್ರ ಬದುಕಿ ಉಳಿಯಿತು. ಮರುವರ್ಷವೂ ನಡೆಯಿತು, ದಾರಿ ಅಲ್ಪಸ್ವಲ್ಪ ಬದಲಾಯಿಸಿಕೊಂಡು ಇವತ್ತಿಗೂ ನಡೆದುಕೊಂಡು ಬಂದಿದೆ. ಯಾಕೆ?

ಮೊಳೆ ಪ್ರಕರಣದಿಂದ ಅನುಕಂಪ ಬಂತು ಅನ್ನೋದು ಸುಲಭದ ಉತ್ತರ. ವೇಲ್ಸ್‌ನ ವೆಲೋಥಾನ್‌ನಲ್ಲೂ 2015ರಲ್ಲಿ ಮೊಳೆ ಬಿದ್ದಿತ್ತು, ಅದು 2018ಕ್ಕೇ ಮುಗಿದುಹೋಯಿತು. ಹಾಗಾಗಿ ಅನುಕಂಪದ ಲೆಕ್ಕ ತಾಳೆ ಆಗಲ್ಲ. ನನಗೆ ತೋಚುವ ಕಾರಣ ಬೇರೆ. ಮ್ಯಾಪ್ ತೆಗೆದು ನೋಡಿ. ಎಟಾಪ್ ಶುರುವಾಗೋದೂ ಪಿಟ್ಲೋಕ್ರಿಯಲ್ಲಿ, ಮುಗಿಯೋದೂ ಪಿಟ್ಲೋಕ್ರಿಯಲ್ಲಿ. ಬೆಳಗಿನ ಜಾವವೇ ಸವಾರಿ ಹೊರಡುವುದರಿಂದ ಸವಾರರು ಹಿಂದಿನ ರಾತ್ರಿ ಅಲ್ಲೇ ತಂಗಲೇಬೇಕು. ಪ್ರವಾಸಿಗರನ್ನೇ ನಂಬಿಕೊಂಡ ಪೇಟೆ ಅದು. ಹೋಟೆಲು ತುಂಬುತ್ತೆ, ಬಾರು ತುಂಬುತ್ತೆ, ಹೆಂಡತಿ ಮಕ್ಕಳೂ ಜೊತೆಗೆ ಬಂದಿರ್ತಾರೆ. ಆ ಪೇಟೆಗೆ ಈ ಸವಾರಿ ಬೇಕು. ಸರ್ರೆಯಲ್ಲಿ ಹಾಗಲ್ಲ. ಅಲ್ಲಿ ಯಾರೂ ಮಲಗಲಿಲ್ಲ, ಯಾರೂ ಊಟ ಮಾಡಲಿಲ್ಲ. ಲಂಡನ್ನಿನಿಂದ ಬಂದರು, ಬಾಳೆಹಣ್ಣಿನ ಸಿಪ್ಪೆ ಎಸೆದರು, ಲಂಡನ್ನಿಗೆ ಹೋದರು. ಮೆಡಲ್ ಹಾಕಿಸಿಕೊಂಡಿದ್ದು ಅರಮನೆ ಮುಂದೆ.

ಶುರುವಿನ ಊರು, ಮುಗಿಯುವ ಊರು, ನಡುವಿನ ಊರು. ವಿರೋಧ ಬರೋದು ಯಾವಾಗಲೂ ನಡುವಿನ ಊರಿನಿಂದ. ಎಟಾಪ್‌ಗೂ ವಿರೋಧ ಬಂದಿದ್ದು ಪಿಟ್ಲೋಕ್ರಿಗಿಂತ ಹೆಚ್ಚಾಗಿ ರ‍್ಯಾನಕ್ ಕಡೆಯಿಂದ. ಆ ಸರೋವರದ ಪಶ್ಚಿಮಕ್ಕೆ ಹೋಗುವ ರಸ್ತೆ ಒಂದು ರೈಲ್ವೆ ಸ್ಟೇಷನ್ ಹತ್ತಿರ ಹೋಗಿ ನಿಂತೇಬಿಡುತ್ತೆ. ಮುಂದೆ ಬಯಲು, ಜೌಗು. ಅಂಥ ಕಡೆ ಬದುಕುವವರಿಗೆ 'ಬದಲಿ ಮಾರ್ಗ ಬಳಸಿ' ಅನ್ನೋ ಬೋರ್ಡು ಹಾಕಿದರೆ ಅವರು ಹೋಗೋದಾದರೂ ಎಲ್ಲಿಗೆ?

ಇದೆಲ್ಲ ನನಗೆ ಹೊಳೆದಿದ್ದು ಡಾರ್ಕಿಂಗ್‌ನಲ್ಲಿ ಅಲ್ಲ. ನಮ್ಮೂರಲ್ಲಿ, ನಮ್ಮೂರೇ ನಡುವಿನ ಊರಾದಾಗ.

ತಿಪಟೂರು ಸೀಮೆ ನಮ್ಮದು. ತೆಂಗು, ರಾಗಿ, ಹುರುಳಿ, ಮನೆಗೆ ಎರಡು ಸೀಮೆಹಸು. ಬೆಂಗಳೂರಿಗೆ ವಾಪಸ್ ಬಂದು ಕಂಪನಿ ಬದಲಾಯಿಸಿದ ಮೇಲೆ ಅಲ್ಲಿನ ಸೈಕ್ಲಿಂಗ್ ಗುಂಪಿಗೆ ಸೇರಿಕೊಂಡೆ. ವೀಕೆಂಡ್ ಬಂದರೆ ನಂದಿಬೆಟ್ಟ. ನಮ್ಮ ಗುಂಪಿನವರು ವರ್ಷಕ್ಕೊಂದು ದಾನದ ಸವಾರಿ ಮಾಡೋಣ ಅಂತ ಹೊರಟರು. ಮಕ್ಕಳ ಹೃದಯದ ಆಪರೇಷನ್‌ಗೆ ದುಡ್ಡು ಎತ್ತೋದು, 100 ಕಿಲೋಮೀಟರ್, ಮುನ್ನೂರು ಜನ. ಬೆಂಗಳೂರಿನಿಂದ ದೂರ ಇರಬೇಕು, ಟ್ರಾಫಿಕ್ ಇರಬಾರದು, 'ರೂರಲ್ ಫೀಲ್' ಬೇಕು. ಕೊನೆಗೆ ಅವರು ಹಾಕಿದ ಲೂಪು ಎಲ್ಲಿ ಹಾದುಹೋಯಿತು ಅಂದರೆ ನಮ್ಮೂರ ಡೈರಿ ಮುಂದೆ! ನನಗೆ ಖುಷಿಯೋ ಖುಷಿ. ಒಂದು ಇಂಜಿನಿಯರಿಂಗ್ ಕಾಲೇಜಿನ ಮೈದಾನದಲ್ಲಿ ಶುರು, ಅಲ್ಲೇ ಕೊನೆ. ಟೀಶರ್ಟು, ಮೆಡಲು, ಡಿಜೆ ಎಲ್ಲ ಅಲ್ಲೇ. ನಮ್ಮೂರಿನ ಪಾಲಿಗೆ ಬಂದಿದ್ದು ಬೆಳಗ್ಗೆ ಏಳರಿಂದ ಒಂಬತ್ತೂವರೆ ತನಕ 'ದಯವಿಟ್ಟು ವಾಹನ ತಡೆಹಿಡಿಯಿರಿ' ಅನ್ನೋ ಒಂದು ಪ್ರಿಂಟೌಟು.

ಮೊದಲ ಸಲ ಜನವರಿಯಲ್ಲಿ ನಡೆಯಿತು. ಹಳ್ಳಿಯಲ್ಲಿ ಬೆಳೆದವರಿಗೆ ಈ ವಾಕ್ಯ ಓದಿದ ತಕ್ಷಣ ಗೊತ್ತಾಗಿರುತ್ತೆ ಏನಾಯಿತು ಅಂತ. ಉಳಿದವರಿಗೆ ಹೇಳ್ತೀನಿ. ಜನವರಿ ನಮ್ಮ ಕಡೆ ಒಕ್ಕಣೆ ಕಾಲ. ಮೊದಲೆಲ್ಲ ಕಣ ಮಾಡಿ, ಸಗಣಿ ಸಾರಿಸಿ, ರೋಣಗಲ್ಲು ಎಳೆಸುತ್ತಿದ್ದರು. ಈಗ ಎತ್ತೂ ಇಲ್ಲ, ಕಣ ಮಾಡೋ ಆಳೂ ಇಲ್ಲ. ಹುರುಳಿ ಕಿತ್ತು ತಂದು ಟಾರು ರಸ್ತೆ ಮೇಲೆ ಹರಡ್ತಾರೆ. ಬಸ್ಸು, ಲಾರಿ, ನಿಮ್ಮ ಕಾರು ಅದರ ಮೇಲೆ ಹೋದಂಗೆಲ್ಲ ಕಾಯಿ ಒಡೆದು ಕಾಳು ಉದುರುತ್ತೆ. ಚಿಕ್ಕಮಗಳೂರಿಗೋ ಹಾಸನಕ್ಕೋ ಟ್ರಿಪ್ ಹೋಗುವಾಗ 'ಅಯ್ಯೋ ರಸ್ತೆ ತುಂಬಾ ಹುಲ್ಲು ಹಾಕಿದಾರೆ' ಅಂತ ಕಾರಿನ ಗಾಜು ಏರಿಸಿರ್ತೀರಲ್ಲ, ಅದೇ. ಕಾನೂನು ಪ್ರಕಾರ ತಪ್ಪು, ಒಪ್ಪಿದೆ. ರಾತ್ರಿ ಹೊತ್ತು ಬೈಕಿನವರು ಜಾರಿ ಬಿದ್ದು ಕೈಕಾಲು ಮುರಿದುಕೊಂಡ ಉದಾಹರಣೆ ಬೇಕಾದಷ್ಟಿದೆ, ಅದನ್ನೂ ಒಪ್ಪಿದೆ.

ಸೈಕಲ್ಲಿನ ಸಪೂರ ಟೈರಿಗೆ ಹುರುಳಿ ಸೊಪ್ಪು ಅಂದರೆ ಎಣ್ಣೆ ಹಾಕಿದ ಗಾಜು. ನಮ್ಮ ಕಂಪನಿಯ ಹುಡುಗನೊಬ್ಬ ಜಾರಿಬಿದ್ದು ಕಾಲರ್ ಬೋನ್ ಮುರಿದುಕೊಂಡ. ಸವಾರರು ಗಲಾಟೆ ಮಾಡಿದರು. ಹುರುಳಿ ಹರಡಿದ್ದ ಹೆಂಗಸಿಗೆ ಯಾರೋ ಇಂಗ್ಲಿಷಿನಲ್ಲಿ ಬೈದರಂತೆ. ಏನು ಬೈದರು ಅಂತ ಆಕೆಗೆ ಗೊತ್ತಾಗಲಿಲ್ಲ, ಬೈದರು ಅನ್ನೋದು ಗೊತ್ತಾಯಿತು. ಇನ್ನೊಂದು ಕಡೆ ಪೊಲೀಸರು ಕ್ರಾಸಿನಲ್ಲಿ ಹಾಲಿನ ವ್ಯಾನು ನಿಲ್ಲಿಸಿದರು. ನಮ್ಮೂರಿನ ಡೈರಿಯಲ್ಲಿ ಕೂಲರ್ ಇಲ್ಲ. ಏಳೂಮುಕ್ಕಾಲಿಗೆ ಬರಬೇಕಾದ ವ್ಯಾನು ಬಂದಿದ್ದು ಹತ್ತು ಗಂಟೆಗೆ. ಅಷ್ಟರಲ್ಲಿ ಕ್ಯಾನಿನಲ್ಲಿದ್ದ ಹಾಲು ಒಡೆದಿತ್ತು. ಅವತ್ತಿನ ಬೆಳಗಿನ ಹಾಲಿನ ದುಡ್ಡು ಯಾರಿಗೂ ಬರಲಿಲ್ಲ.

ನಾವು ಆ ವರ್ಷ ಎತ್ತಿದ ದೇಣಿಗೆ ಒಳ್ಳೆ ಮೊತ್ತವೇ. ಆಫೀಸಲ್ಲಿ ಕೇಕ್ ಕತ್ತರಿಸಿದರು.

ಎರಡನೇ ವರ್ಷಕ್ಕೆ ಆಯೋಜಕ ತಂಡ ಏನು ಮಾಡಿತು ಗೊತ್ತೇ? ರಸ್ತೆ ಮೇಲೆ ಒಕ್ಕಣೆ ಮಾಡದಂತೆ ತಡೆಯಿರಿ ಅಂತ ಪಂಚಾಯ್ತಿಗೆ ಪತ್ರ ಬರೆಯಿತು. ಪತ್ರದ ಡ್ರಾಫ್ಟು ತಿದ್ದಿಕೊಟ್ಟವನು ನಾನೇ. 'ಸುರಕ್ಷತೆಯ ದೃಷ್ಟಿಯಿಂದ' ಅನ್ನೋ ಪದ ಸೇರಿಸಿದ್ದೂ ನಾನೇ. ಆ ವರ್ಷ ಸವಾರಿ ದಿನ ರಸ್ತೆ ಪೂರ್ತಿ ಖಾಲಿ ಇತ್ತು, ಗುಡಿಸಿದಂಗಿತ್ತು. ನಮ್ಮೂರ ಕೆರೆ ಏರಿ ಮೇಲೆ ಮಾತ್ರ ಅಷ್ಟುದ್ದ ತೆಳ್ಳಗೆ ಹುರುಳಿ ಹೊಟ್ಟು ಬಿದ್ದಿತ್ತು, ಅದರ ಅಡಿಯಲ್ಲಿ ಜಾಲಿ ಮುಳ್ಳು. ಮೂವತ್ತಕ್ಕೂ ಹೆಚ್ಚು ಪಂಕ್ಚರ್. ಸ್ಕಾಟ್ಲೆಂಡಿನ ಮೊಳೆ ನಮ್ಮೂರಿಗೆ ಬಂದಿತ್ತು, ಲೋಕಲ್ ಮಾಲು.

ಯಾರು ಹಾಕಿದ್ದು? ಯಾರಿಗೂ ಗೊತ್ತಿಲ್ಲ ಅಂತ ಎಲ್ಲರೂ ಹೇಳಿದರು. ನಮ್ಮ ಮನೆಯವರೂ ಹೇಳಿದರು. ಹೇಳುವಾಗ ನಮ್ಮ ಚಿಕ್ಕಪ್ಪನ ಮಗ ನನ್ನ ಮುಖ ನೋಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಅದಾದ ಮೇಲೆ ಸವಾರಿ ನಿಲ್ಲಿಸೋ ಮಾತು ಬಂತು. ನನ್ನನ್ನು ಕರೆದು, 'ಯು ಆರ್ ಫ್ರಮ್ ದೇರ್, ನೀನೇ ಮಾತಾಡಿ ಸರಿ ಮಾಡು' ಅಂದರು. ಬಿಇ ಮುಗಿಸಿ ಹದಿನಾಲ್ಕು ವರ್ಷದಲ್ಲಿ ನನ್ನ ಹಳ್ಳಿಯವನು ಅನ್ನೋ ಗುರುತು ಆಫೀಸಿಗೆ ಉಪಯೋಗಕ್ಕೆ ಬಂದಿದ್ದು ಅದೇ ಮೊದಲು. ಹೋದೆ. ಸಂಜೆ ಹಾಲು ಹಾಕೋ ಹೊತ್ತಿಗೆ ಡೈರಿ ಮುಂದೆ ಒಂದಿಪ್ಪತ್ತು ಜನ ಸೇರಿದ್ದರು. ನಾನು ಲ್ಯಾಪ್‌ಟಾಪ್ ತೆಗೆದು ಆಪರೇಷನ್ ಆದ ಮಕ್ಕಳ ಫೋಟೋ ತೋರಿಸಿದೆ. ಎಲ್ಲರೂ ಗಂಭೀರವಾಗಿ ನೋಡಿದರು. ಹೆಂಗಸರು ಲೊಚಗುಟ್ಟಿದರು. ಆಮೇಲೆ ನಮ್ಮ ದೊಡ್ಡಪ್ಪ ಬೀಡಿ ಆರಿಸಿ ಹೇಳಿದ್ದು ಇಷ್ಟು: 'ಮಕ್ಕಳ ಆಪರೇಸನ್‌ಗೆ ಅಂದ್ಮ್ಯಾಕೆ ಯಾರಾದ್ರೂ ಬ್ಯಾಡ ಅನ್ನಕ್ಕಾಯ್ತದೇನ್ಲಾ ಮಗಾ? ಅದ್ಕೇ ಕಣಪ್ಪ ಸಿಟ್ಟು ಬರಾದು.'

ಈ ಮಾತಿನ ಮುಂದೆ ನನ್ನ ಹತ್ತಿರ ಸ್ಲೈಡ್ ಇರಲಿಲ್ಲ.

ದಾನ ಅನ್ನೋ ಪದಕ್ಕೆ ಒಂದು ವಿಚಿತ್ರ ಶಕ್ತಿ ಇದೆ. ಅದು ಎದುರಿನವನ ಬಾಯಿ ಮುಚ್ಚಿಸುತ್ತೆ. ಕಂಪನಿಯವರು ಮಜಾ ಮಾಡೋಕೆ ಸೈಕಲ್ ರೇಸ್ ಮಾಡ್ತಾರೆ ಅಂದಿದ್ದರೆ ಊರಿನವರು ಧಾರಾಳವಾಗಿ ಜಗಳ ಆಡುತ್ತಿದ್ದರು, ನಾವೂ ಕೇಳಿಸಿಕೊಳ್ಳುತ್ತಿದ್ದೆವು, ವ್ಯಾನು ಬಿಡಿ, ಹುರುಳಿ ತೆಗೆಯಿರಿ ಅಂತ ಒಂದು ಚೌಕಾಸಿ ನಡೀತಿತ್ತು. ಹೃದಯದ ತೂತಿನ ಮಗುವಿನ ಫೋಟೋ ಮುಂದೆ ಹಿಡಿದ ಕೂಡಲೇ ಚೌಕಾಸಿ ಮುಗೀತು. ಈಗ ಹಾಲು ಒಡೆದಿದ್ದನ್ನು ಎತ್ತಿದರೆ ನೀನು ಮಗುವಿನ ವೈರಿ. ಬಾಯಿ ಮುಚ್ಚಿಸಿದರೆ ಸಿಟ್ಟು ಕೈಗೆ ಇಳಿಯುತ್ತೆ. ಮುಳ್ಳು, ಮೊಳೆ ಎಲ್ಲ ಕೈಗೆ ಇಳಿದ ಸಿಟ್ಟು. ಇದು ಅದಕ್ಕೆ ಸಮರ್ಥನೆ ಅಲ್ಲ ಅಂತ ಮತ್ತೊಮ್ಮೆ ಹೇಳ್ತೀನಿ, ಯಾಕಂದರೆ ಆ ಮುಳ್ಳಿನ ಮೇಲೆ ಹೋದ ಮೂವತ್ತು ಜನರಲ್ಲಿ ಯಾರಾದರೂ ಏರಿಯಿಂದ ಕೆರೆಗೆ ಉರುಳಿದ್ದರೆ ನಾನು ಈ ಧಾಟಿಯಲ್ಲಿ ಬರೀತಿರಲಿಲ್ಲ.

ಇನ್ನೊಂದು ಪ್ರಶ್ನೆಯನ್ನು ಡೈರಿ ಸೆಕ್ರೆಟರಿ ಕೇಳಿದರು. 'ನಮ್ಮ ಹೋಬಳಿದು ಎಷ್ಟು ಮಕ್ಳಿಗೆ ಮಾಡಿಸೀರಪ್ಪ?' ನಾನು ಲಿಸ್ಟ್ ನೋಡಿದೆ. ಒಂದೂ ಇರಲಿಲ್ಲ. ಅರ್ಜಿ ಹಾಕೋದು ಆನ್‌ಲೈನಿನಲ್ಲಿ, ಇಂಗ್ಲಿಷಿನಲ್ಲಿ. ಹಿಂಗೊಂದು ಸಹಾಯ ಸಿಗುತ್ತೆ ಅನ್ನೋದೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಸ್ತೆ ಅವರದು, ಬೆವರು ನಮ್ಮದು, ದುಡ್ಡು ಇನ್ನೆಲ್ಲಿಗೋ.

ಅವತ್ತು ರಾತ್ರಿ ಮನೆ ಜಗಲಿ ಮೇಲೆ ಮಲಗಿ ಯೋಚನೆ ಮಾಡಿದ್ದು ನಮ್ಮೂರ ತೇರಿನ ಬಗ್ಗೆ. ತೇರಿನ ದಿನವೂ ಇದೇ ರಸ್ತೆ ಬಂದ್. ಅರ್ಧ ದಿನ ಅಲ್ಲ, ಪೂರ್ತಿ ದಿನ. ಬಸ್ಸು ಊರ ಬಾಗಿಲಲ್ಲೇ ನಿಲ್ಲುತ್ತೆ. ಹಾಲಿನ ವ್ಯಾನಿಗೆ ಅವತ್ತು ಬೆಳಗಿನ ಜಾವ ಐದಕ್ಕೇ ಬರೋಕೆ ಹೇಳಿರ್ತಾರೆ, ಅದಕ್ಕೆ ತಕ್ಕ ಹಾಗೆ ಹಾಲನ್ನೂ ಬೇಗ ಕರೀತಾರೆ. ಯಾರೂ ಗೊಣಗಲ್ಲ. ಯಾಕಂದರೆ ತೇರಿನ ದಿನ ಯಾವುದು ಅಂತ ತೀರ್ಮಾನಿಸುವಾಗ ಅವರೇ ಕೂತಿರ್ತಾರೆ, ಹಗ್ಗಕ್ಕೆ ಅವರೂ ಕೈ ಹಾಕಿರ್ತಾರೆ, ಪಾನಕ ಕುಡಿದಿರ್ತಾರೆ. (ಎಲ್ಲರೂ ಅಂತ ಬರೆಯೋಕೆ ಹೋಗಿ ತಡೆದೆ. ನಮ್ಮೂರ ತೇರಿನ ಹಗ್ಗ ಎಲ್ಲ ಕೇರಿಯವರ ಕೈಗೂ ಒಂದೇ ಸಮನೆ ಸಿಕ್ಕಿತ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ಅದು ಬೇರೆ ಜಗಳ, ಇನ್ನೊಮ್ಮೆ.) ನಮ್ಮ ಸೈಕಲ್ ಸವಾರಿ ಬೇರೆಯವರ ತೇರು. ಅದು ನಮ್ಮೂರ ಮೇಲೆ ಹಾದುಹೋಗುತ್ತೆ ಅಷ್ಟೇ.

ಇಂಥ ವಿಷಯ ಬಂದಾಗ ನಮ್ಮ ಸೈಕ್ಲಿಂಗ್ ಗೆಳೆಯರು ಕೊಡುವ ಉತ್ತರ ನನಗೆ ಬಾಯಿಪಾಠ. ಕಾರಿನವರು ದಿನಾ ರಸ್ತೆ ಹಾಳು ಮಾಡ್ತಾರೆ ಅದಕ್ಕೆ ಯಾರೂ ಕೇಳಲ್ಲ, ಸೈಕಲ್ ಅಂದರೆ ಮಾತ್ರ ಎಲ್ಲರಿಗೂ ಉರಿ. ಇದರಲ್ಲಿ ಅರ್ಧ ಸತ್ಯ ಇದೆ. ಬೆಂಗಳೂರಿನ ರಸ್ತೆಯಲ್ಲಿ ಸೈಕಲ್ ತುಳಿಯುವವನು ಬಡಪಾಯಿಯೇ. ಆದರೆ ನಮ್ಮೂರ ರಸ್ತೆಗೆ ನಾಲ್ಕು ಲಕ್ಷದ ಕಾರ್ಬನ್ ಸೈಕಲ್ಲು, ಮುಂದೊಂದು ಪೈಲಟ್ ಜೀಪು, ಹಿಂದೊಂದು ಆಂಬುಲೆನ್ಸ್ ಇಟ್ಟುಕೊಂಡು ಬಂದಾಗ ನಾವು ಬಡಪಾಯಿಗಳಲ್ಲ. ಅಲ್ಲಿ ನಾವೇ ಕಾರಿನವರು.

ನಮ್ಮಲ್ಲೇ ಬೇರೆ ಥರದ ಮಾದರಿಯೂ ಇದೆ. 2008ರಿಂದ ನಡೀತಿರೋ ಟೂರ್ ಆಫ್ ನೀಲಗಿರೀಸ್ ತಗೊಳ್ಳಿ. ದಿನಗಟ್ಟಲೆ ಸಾಗುವ ಸವಾರಿ, ಅದಕ್ಕೂ ದಾನದ ಉದ್ದೇಶ ಇದೆ. ರಸ್ತೆ ಮುಚ್ಚಲ್ಲ, ಸವಾರರ ಸಂಖ್ಯೆ ನೂರರ ಆಸುಪಾಸು, ದಿನಾ ರಾತ್ರಿ ಯಾವುದಾದರೂ ಊರಿನಲ್ಲಿ ತಂಗುತ್ತಾರೆ. ಅದರಲ್ಲಿ ಎಲ್ಲ ಸರಿಯಿದೆ ಅಂತ ಅಲ್ಲ. ಆದರೆ ನೂರು ಜನ ನಿಂತು ಕಾಫಿ ಕುಡಿಯೋದಕ್ಕೂ, ಮೂರು ಸಾವಿರ ಜನ ನಿಲ್ಲದೆ ಹೋಗೋದಕ್ಕೂ ವ್ಯತ್ಯಾಸ ಇದೆ.

ಮೂರನೇ ವರ್ಷ ನಾವು ಏನು ಬದಲಾಯಿಸಿದೆವು ಅನ್ನೋದನ್ನು ಹೇಳಿಬಿಡ್ತೀನಿ. ದೊಡ್ಡ ಸಾಧನೆ ಏನಲ್ಲ. ದಿನಾಂಕವನ್ನು ಫೆಬ್ರವರಿ ಕೊನೆಗೆ ದೂಡಿದೆವು, ಒಕ್ಕಣೆ ಮುಗಿದಿರುತ್ತೆ ಅಂತ. ಲೂಪನ್ನು ಉಲ್ಟಾ ತಿರುಗಿಸಿದೆವು. ಈಗ ಮುಂದಿನ ಸವಾರರು ನಮ್ಮೂರಿಗೆ ಬರುವಷ್ಟರಲ್ಲಿ ಎಂಟೂಕಾಲು, ಹಾಲಿನ ವ್ಯಾನು ಹೋಗಿರುತ್ತೆ. ಪೊಲೀಸರು ವಾಹನ ತಡೆಯೋದು ಬೇಡ ಅಂತ ನಾವೇ ಬರೆದುಕೊಟ್ಟೆವು. ಬೆಂಗಳೂರಿನಿಂದ ತರುತ್ತಿದ್ದ ಬಾಟಲಿ ನೀರು, ಎನರ್ಜಿ ಬಾರು ನಿಲ್ಲಿಸಿ, ನಮ್ಮೂರ ಸ್ತ್ರೀಶಕ್ತಿ ಸಂಘದವರಿಗೆ ತಟ್ಟೆ ಇಡ್ಲಿ, ಎಳನೀರಿನ ಆರ್ಡರ್ ಕೊಟ್ಟೆವು, ಮುಂಗಡ ದುಡ್ಡಿನ ಸಮೇತ. ಅರ್ಜಿ ಫಾರಂ ಕನ್ನಡದಲ್ಲಿ ಪ್ರಿಂಟ್ ಹಾಕಿಸಿ ಆಶಾ ಕಾರ್ಯಕರ್ತೆಯರ ಹತ್ತಿರ, ಡೈರಿಯಲ್ಲಿ ಇಟ್ಟೆವು. ಒಡೆದ ಹಾಲಿನ ದುಡ್ಡು? ಅದನ್ನು ಕಂಪನಿ ಕೊಡಲಿಲ್ಲ, ಯಾವ ಹೆಡ್ಡಿನಲ್ಲಿ ತೋರಿಸೋದು ಅಂತ ಫೈನಾನ್ಸಿನವರು ಕೇಳಿದರು. ನಾವು ಎಂಟು ಜನ ಕೈಯಿಂದ ಹಾಕಿ ಕೊಟ್ಟೆವು. ದೊಡ್ಡಪ್ಪ ಎಣಿಸಿ ತಗೊಂಡರು, ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಾಗೂ ಇರಲಿಲ್ಲ.

ಸವಾರಿ ನಡೆಯಿತು. ಮುನ್ನೂರು ಇದ್ದದ್ದು ನೂರಾ ಎಂಬತ್ತಕ್ಕೆ ಇಳಿಯಿತು. ಫೆಬ್ರವರಿ ಬಿಸಿಲು ಜಾಸ್ತಿ ಅಂತ ಕೆಲವರು ಬರಲಿಲ್ಲ, ಇಡ್ಲಿಗೆ ನಿಂತರೆ ಟೈಮಿಂಗ್ ಹಾಳಾಗುತ್ತೆ ಅಂತ ಇನ್ನು ಕೆಲವರು. ದೇಣಿಗೆಯೂ ಕಮ್ಮಿಯಾಯಿತು. ಇದನ್ನು ಮುಚ್ಚಿಡಬಾರದು. ಊರಿನವರ ಮಾತು ಕೇಳಿದರೆ ಎಲ್ಲ ಚೆನ್ನಾಗಾಗುತ್ತೆ ಅನ್ನೋದು ಸುಳ್ಳು, ಅದಕ್ಕೊಂದು ಬೆಲೆ ಇದೆ. ಕಮ್ಮಿಯಾದ ಆ ದುಡ್ಡಿನಲ್ಲಿ ಒಂದೋ ಎರಡೋ ಆಪರೇಷನ್ ಆಗುತ್ತಿತ್ತು. ಆ ಎರಡು ಮಕ್ಕಳಿಗೆ ನಾನು ಹುರುಳಿ, ಹಾಲು ಅಂತ ಕಥೆ ಹೇಳೋಕಾಗುತ್ತಾ? ಈ ಪ್ರಶ್ನೆಯನ್ನು ನಮ್ಮ ತಂಡದ ಹುಡುಗಿಯೊಬ್ಬಳು ಮೀಟಿಂಗಿನಲ್ಲಿ ನೇರವಾಗಿ ಕೇಳಿದಳು. ನನಗೆ ಉತ್ತರ ಬರಲಿಲ್ಲ, ಈಗಲೂ ಬಂದಿಲ್ಲ. ಹಿಂದಿನ ವರ್ಷದ ಥರವೇ ಮಾಡಿದ್ದರೆ ಈ ವರ್ಷ ಸವಾರಿಯೇ ಇರುತ್ತಿರಲಿಲ್ಲ ಅಂತಷ್ಟೇ ಹೇಳಿದೆ. ಅದು ಲೆಕ್ಕದ ಉತ್ತರ. ಅವಳು ಕೇಳಿದ್ದು ಲೆಕ್ಕ ಅಲ್ಲ ಅಂತ ಗೊತ್ತು.

ಈಗ ಕೆಲವರು ಮುಂದಿನ ಸಲ ನಮ್ಮೂರಿನ ದಾರಿಯನ್ನೇ ಬಿಟ್ಟು ಹೈವೇ ಸರ್ವಿಸ್ ರಸ್ತೆಯಲ್ಲಿ ಹೋಗೋಣ ಅಂತಿದ್ದಾರೆ. ತಕರಾರು ಇರಲ್ಲ, ನುಣ್ಣನೆ ರಸ್ತೆ. ರೈಡ್‌ಲಂಡನ್‌ನವರು ಎಸೆಕ್ಸ್‌ಗೆ ಹೋದದ್ದೂ ಹೀಗೇ ತಾನೇ? ಅಲ್ಲೂ ನಡುವಿನ ಊರುಗಳು ಇರ್ತಾವೆ. ಡಾರ್ಕಿಂಗ್‌ನ ಆ ವಯಸ್ಸಾದ ದಂಪತಿ ಈಗ ಜುಲೈ ಕೊನೆಯ ಭಾನುವಾರ ಮನೆಯಲ್ಲೇ ಇರಬಹುದು. ಅವರ ಬಗ್ಗೆ ಮಾಡಿದ ಜೋಕಿಗೆ ನಗದೇ ಇದ್ದ ಒಬ್ಬ ಸಹೋದ್ಯೋಗಿ ಇದ್ದ, ವೆಲ್ಶ್ ಹಳ್ಳಿಯವನು. ಯಾಕೆ ನಗಲಿಲ್ಲ ಅಂತ ಆಗ ಅರ್ಥ ಆಗಿರಲಿಲ್ಲ.

ಹೋದ ವಾರ ದೊಡ್ಡಪ್ಪ ಫೋನ್ ಮಾಡಿದ್ದರು. ಈ ಸಲ ಮಳೆ ತಡವಾಗಿ ಬಿತ್ತನೆ ತಡ, ಹಂಗಾಗಿ ಹುರುಳಿ ಕೀಳೋದೂ ತಡ, ನಿಮ್ಮ ಸೈಕಲ್ ಬರೋ ಹೊತ್ತಿಗೂ ಒಕ್ಕಣೆ ಮುಗಿದಿರಲ್ಲ ಅಂದರು. ನನ್ನ ಎದೆ ಧಸಕ್ಕೆಂದಿತು. ಅವರೇ ಮುಂದುವರಿಸಿದರು. 'ಒಂದು ಮಗ್ಗುಲು ಬಿಟ್ಟಿರ್ತೀವಿ ಕಣ್ಲಾ. ಬರೋರ್ಗೆ ಹೇಳು, ಬೆಲ್ ಹೊಡ್ಕಂಡ್ ಬರ್ಲಿ. ಹಿಂದ್ಗುಂಟ ಸದ್ದಿಲ್ದಂಗೆ ಬಂದ್ರೆ ಹೆಣ್ಮಕ್ಳು ಬೆಚ್ಚಿಬೀಳ್ತಾರೆ.'

ನಾಲ್ಕು ಲಕ್ಷದ ಸೈಕಲ್ಲುಗಳಲ್ಲಿ ಬೆಲ್ ಇರಲ್ಲ ಅಂತ ಅವರಿಗೆ ಹೇಳಲಿಲ್ಲ. ಇನ್ನೂರು ಬೆಲ್ಲಿಗೆ ಆರ್ಡರ್ ಹಾಕಿದೀನಿ. ಬೆಲ್ ಕಟ್ಟಿದರೆ ತೂಕ ಜಾಸ್ತಿಯಾಗುತ್ತೆ ಅಂತ ಈಗಾಗಲೇ ಇಬ್ಬರು ಮೇಲ್ ಕಳಿಸಿದ್ದಾರೆ.